ಚಾಂಪಿಯನ್ ಸೋತ ಮೇಲೆ: ಹೆವಿವೇಟ್ ಬಾಕ್ಸರ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಪಂದ್ಯ ಮುಗಿದ ಮಾರನೇ ದಿನ ನನ್ನ ಫೋನ್ ಸುಮ್ಮನಿರುವುದಿಲ್ಲ. ಚಾಂಪಿಯನ್ ಗೆದ್ದರೆ ಎರಡು ಮಾತಿಗೆ ಮುಗಿಯುತ್ತದೆ. ಸೋತರೆ ಮಾತ್ರ ಸಾಲು ಸಾಲು ಪ್ರಶ್ನೆ. ಗೆಳೆಯರು ಮಾತಿನ ಮಧ್ಯೆ ಕೇಳಿದ್ದು, ಪತ್ರದಲ್ಲಿ ಬಂದದ್ದು, ಜಗಳದಲ್ಲಿ ಎದ್ದದ್ದು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಹೊಸಬರು ಮೇಲಿನಿಂದ ಓದಿ. ಹಳೇ ಹುಲಿಗಳು ಸೀದಾ ಮೂರನೇ ಭಾಗಕ್ಕೆ ಹೋದರೂ ನಡೆಯುತ್ತದೆ.

## ಹೊಸಬರಿಗೆ

ಚಾಂಪಿಯನ್ ಸೋತ ಅಂದ್ರೆ ಇಷ್ಟು ದಿನ ಅವನನ್ನು ಸುಮ್ನೆ ಹೊಗಳಿದ್ವಿ ಅಂತ ತಾನೇ?

ಅಲ್ಲ. ಮುಹಮ್ಮದ್ ಅಲಿ 5 ಸಲ ಸೋತಿದ್ದಾನೆ. ಜಾರ್ಜ್ ಫೋರ್ಮನ್ ಕೂಡ 5 ಸಲ. ಜೋ ಲೂಯಿಸ್ 3 ಸಲ. ಈ ಮೂವರನ್ನು ಬಿಟ್ಟು ಹೆವಿವೇಟ್ ಬಗ್ಗೆ ಮಾತಾಡೋಕೆ ಆಗುತ್ತಾ?

ಒಂದು ಸೋಲು ಒಂದೇ ಸಂಗತಿ ಹೇಳುತ್ತದೆ. ಆ ರಾತ್ರಿ ಅವನ ಎಡಗೈ ಕೆಳಗಿತ್ತು ಅನ್ನಬಹುದು. ತಯಾರಿ ಸಾಲದಾಗಿತ್ತು ಅನ್ನಬಹುದು. ಕಾಲಲ್ಲಿ ಮೊದಲಿನ ಚುರುಕಿರಲಿಲ್ಲ ಅನ್ನಬಹುದು. ಅಥವಾ ಎದುರಿಗಿದ್ದವನು ನಿಜವಾಗಿಯೂ ಒಂದು ಕೈ ಮೇಲಿದ್ದ ಅನ್ನಬಹುದು. ಇವು ನಾಲ್ಕೂ ಬೇರೆ ಬೇರೆ. ಯಾವುದು ಅಂತ ಹುಡುಕೋದೇ ನಮ್ಮ ಕೆಲಸ. ಹುಡುಕದೆ ‘ಡಬ್ಬಾ ಚಾಂಪಿಯನ್’ ಅಂದುಬಿಟ್ಟರೆ ನೋಡಿದ ಪಂದ್ಯ ದಂಡ.

ಒಂದೂ ಸೋಲದ ಮಾರ್ಸಿಯಾನೊನೇ ಎಲ್ಲರಿಗಿಂತ ದೊಡ್ಡವನು ಅಲ್ವಾ? 49ಕ್ಕೆ 49!

ರಾಕಿ ಮಾರ್ಸಿಯಾನೊ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಆ ಸೊನ್ನೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ.

1952ರ ಸೆಪ್ಟೆಂಬರ್ 23ರಂದು ಅವನು ಜರ್ಸಿ ಜೋ ವಾಲ್ಕಾಟ್‌ನಿಂದ ಪಟ್ಟ ಕಿತ್ತುಕೊಂಡ. ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದಿದ್ದ. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಅಂಕಪಟ್ಟಿಯಲ್ಲೂ ಹಿಂದಿದ್ದ. 13ನೇ ಸುತ್ತಿನಲ್ಲಿ ಒಂದು ಬಲಗೈ ಗುದ್ದು, ವಾಲ್ಕಾಟ್ ಹಗ್ಗಕ್ಕೆ ಒರಗಿ ಹಾಗೇ ಕುಸಿದ. ಆಗ ಪಟ್ಟದ ಪಂದ್ಯಕ್ಕೆ 15 ಸುತ್ತು. ಈಗಿನ ಹಾಗೆ 12 ಇದ್ದಿದ್ದರೆ ಆ ಗುದ್ದು ಬೀಳುವ ಹೊತ್ತಿಗೆ ಪಂದ್ಯವೇ ಮುಗಿದು ಮಾರ್ಸಿಯಾನೊ ಸೋತಿರುತ್ತಿದ್ದ. ಬಾಕ್ಸರ್ ಅವನೇ, ಗುದ್ದೂ ಅದೇ. ನಿಯಮಪುಸ್ತಕ ಮಾತ್ರ ಬೇರೆ.

ಇನ್ನೊಂದು. ಅವನು ಸೋಲಿಸಿದಾಗ ಜೋ ಲೂಯಿಸ್‌ಗೆ 37, ವಾಲ್ಕಾಟ್‌ಗೆ 38. ಅದು ಮಾರ್ಸಿಯಾನೊ ತಪ್ಪಲ್ಲ, ಎದುರಿಗೆ ಬಂದವರನ್ನು ಹೊಡೆದ. ಆದರೂ ಲೆಕ್ಕ ಹಾಕುವಾಗ ಮರೆಯುವ ಹಾಗಿಲ್ಲ.

ನಾಕೌಟ್ ಆದ್ರೆ ಜಾಸ್ತಿ ಅವಮಾನ, ಅಂಕದಲ್ಲಿ ಸೋತ್ರೆ ಪರವಾಗಿಲ್ಲ. ಸರಿ ತಾನೇ?

ಹೆವಿವೇಟ್‌ನಲ್ಲಿ ನನ್ನ ಲೆಕ್ಕ ಇದಕ್ಕೆ ಉಲ್ಟಾ. 200 ಪೌಂಡ್ ದಾಟಿದರೆ ಹೆವಿವೇಟ್, ಅಂದರೆ ಸುಮಾರು 90.7 ಕಿಲೋ. ಮೇಲಕ್ಕೆ ಮಿತಿಯೇ ಇಲ್ಲ. ಇಷ್ಟು ತೂಕದವರು ಬೀಸಿದ ಒಂದು ಗುದ್ದು ಸರಿಯಾಗಿ ಕೂತರೆ ಯಾರಾದರೂ ಬೀಳುತ್ತಾರೆ. ಅಂಕದ ಸೋಲು ಹಾಗಲ್ಲ. 36 ನಿಮಿಷ ಸಮಯ ಕೊಟ್ಟರೂ ದಾರಿ ಸಿಗಲಿಲ್ಲ ಅಂತ ಅರ್ಥ.

ವ್ಲಾಡಿಮಿರ್ ಕ್ಲಿಚ್ಕೊನ ಕೊನೆಯ ಎರಡು ಪಂದ್ಯ ನೋಡಿ. 2015ರ ನವೆಂಬರ್ 28, ಡಸೆಲ್ಡಾರ್ಫ್. ಟೈಸನ್ ಫ್ಯೂರಿ ಎದುರು ಒಂದು ಸಲವೂ ಬೀಳಲಿಲ್ಲ, ಅಂಕದಲ್ಲಿ ಸೋತ. ಗುದ್ದು ಬಿಡೋಕೇ ಹಿಂಜರಿದ. ಆ ಸೋಲು ಅವನಿಗೆ ತುಂಬ ದುಬಾರಿಯಾಯಿತು. 2017ರ ಏಪ್ರಿಲ್ 29, ವೆಂಬ್ಲಿ. 41ನೇ ವಯಸ್ಸಿನಲ್ಲಿ ಆಂಥೋನಿ ಜೋಶುವಾ ಎದುರು ಮೂರು ಸಲ ಬಿದ್ದ, 11ನೇ ಸುತ್ತಿನಲ್ಲಿ ರೆಫರಿ ನಿಲ್ಲಿಸಿದ. ಆದರೆ 6ನೇ ಸುತ್ತಿನಲ್ಲಿ ಜೋಶುವಾನನ್ನೂ ನೆಲಕ್ಕೆ ಕೆಡವಿದ್ದ. ಅವನನ್ನು ವರ್ಷಗಟ್ಟಲೆ ಬೈದವರೂ ಆ ರಾತ್ರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸ್ಪ್ಲಿಟ್ ಡಿಸಿಷನ್ ಅಂತಾರಲ್ಲ, ಅದನ್ನು ಪೂರ್ತಿ ಸೋಲು ಅಂತ ಲೆಕ್ಕ ಹಾಕಬೇಕಾ?

ದಾಖಲೆಯಲ್ಲಿ ಹೌದು. ಅಳೆಯುವಾಗ ಮಾತ್ರ ಅಂಕಪಟ್ಟಿ ತೆಗೆದು ಕೂತುಕೊಳ್ಳಿ. ಮೂವರು ತೀರ್ಪುಗಾರರು. ಪ್ರತಿ ಸುತ್ತು ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ನೆಲಕ್ಕೆ ಬಿದ್ದರೆ 8. ಇಬ್ಬರು ಒಬ್ಬನ ಕಡೆ, ಒಬ್ಬರು ಇನ್ನೊಬ್ಬನ ಕಡೆ ಬರೆದರೆ ಅದು ಸ್ಪ್ಲಿಟ್.

2024ರ ಮೇ 18, ರಿಯಾದ್. ಒಲೆಕ್ಸಾಂಡರ್ ಉಸಿಕ್‌ಗೆ ಒಬ್ಬರು 115–112, ಇನ್ನೊಬ್ಬರು 114–113 ಕೊಟ್ಟರು. ಮೂರನೆಯವರು ಫ್ಯೂರಿಗೆ 114–113. ಈಗ 9ನೇ ಸುತ್ತಿಗೆ ಬನ್ನಿ. ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡುತ್ತಿದ್ದ, ಹಗ್ಗವೇ ಅವನನ್ನು ಹಿಡಿದು ನಿಲ್ಲಿಸಿತ್ತು. ರೆಫರಿ ಅದನ್ನು ಬಿದ್ದ ಹಾಗೇ ಅಂತ ಎಣಿಸಿದ. ಆ ಸುತ್ತು 10–8 ಆಯಿತು. ಎಣಿಸದೇ ಬಿಟ್ಟು ಅದು 10–9 ಆಗಿದ್ದರೆ? ಎರಡನೆಯವರ ಪಟ್ಟಿ 114–114 ಆಗುತ್ತಿತ್ತು. ಒಂದು ಆ ಕಡೆ, ಒಂದು ಈ ಕಡೆ, ಒಂದು ಸಮ. ಪಂದ್ಯ ಡ್ರಾ. ಫ್ಯೂರಿ ಆ ರಾತ್ರಿ ಸೋಲಿಲ್ಲದವನಾಗಿಯೇ ಮನೆಗೆ ಹೋಗುತ್ತಿದ್ದ.

ಹಾಗಂತ ಉಸಿಕ್ ಗೆದ್ದದ್ದು ತಪ್ಪಲ್ಲ. ಆ ಎಣಿಕೆ ನನ್ನ ಕಣ್ಣಿಗೆ ಸರಿಯಾಗೇ ಇತ್ತು. ಆದರೆ ಮಾರನೇ ದಿನ ‘ಫ್ಯೂರಿ ಬಣ್ಣ ಬಯಲಾಯ್ತು’ ಅಂದವರು ಒಂದೇ ಒಂದು ಅಂಕದ ಮೇಲೆ ಇಡೀ ಮನೆ ಕಟ್ಟಿದ್ದರು.

ಬೆಲ್ಟ್ ಹೋಯ್ತು ಅಂದ್ರೆ ಸೋತ ಅಂತಲೇ ಅಲ್ವಾ?

ಯಾವಾಗಲೂ ಅಲ್ಲ. ಈಗ ಚಾಂಪಿಯನ್ ಪಟ್ಟ ಕೊಡುವ ಸಂಸ್ಥೆ ನಾಲ್ಕು, ಬೆಲ್ಟೂ ನಾಲ್ಕು. ಸಂಸ್ಥೆ ಹೆಸರಿಸಿದ ಕಡ್ಡಾಯ ಎದುರಾಳಿಯ ಜೊತೆ ಆಡದಿದ್ದರೆ ಕಿತ್ತುಕೊಳ್ಳುತ್ತಾರೆ. ಫ್ಯೂರಿ 2015ರಲ್ಲಿ ಕ್ಲಿಚ್ಕೊನನ್ನು ಸೋಲಿಸಿದ ಎರಡು ವಾರದೊಳಗೆ ಒಂದು ಬೆಲ್ಟ್ ಹೋಯಿತು. 1992ರಲ್ಲಿ ರಿಡಿಕ್ ಬೋ ತನ್ನ ಬೆಲ್ಟನ್ನು ತಾನೇ ಕಸದ ಡಬ್ಬಿಗೆ ಹಾಕಿದ. ಅಲಿಯ ಪಟ್ಟ 1967ರಲ್ಲಿ ಹೋದದ್ದು ಸೇನೆಗೆ ಸೇರಲ್ಲ ಅಂದದ್ದಕ್ಕೆ. ಇವು ಯಾವುವೂ ಬಾಕ್ಸರ್ ಎಷ್ಟು ಒಳ್ಳೆಯವನು ಅಂತ ಹೇಳುವುದಿಲ್ಲ.

## ಸ್ವಲ್ಪ ಒಳಗೆ ಹೋದವರಿಗೆ

ಸೋತ ಪಂದ್ಯ ಮತ್ತೆ ನೋಡುವಾಗ ಮೊದಲು ಏನು ನೋಡ್ತೀರಿ?

ಬಿದ್ದ ಗುದ್ದನ್ನು ನೋಡುವುದಿಲ್ಲ. ಅದಕ್ಕೆ ಎರಡು ಸೆಕೆಂಡ್ ಮುಂಚೆ ಏನಾಯಿತು ಅಂತ ನೋಡುತ್ತೇನೆ. ಧ್ವನಿ ಆರಿಸಿ, ಸೋತವನ ಕೈ ಮತ್ತು ಕಾಲನ್ನು ಮಾತ್ರ ನೋಡುತ್ತೇನೆ.

ಇದಕ್ಕೆ ಜೋ ಲೂಯಿಸ್‌ಗಿಂತ ಒಳ್ಳೆ ಪಾಠ ಇಲ್ಲ. 1936ರ ಜೂನ್ 19, ಯಾಂಕೀ ಸ್ಟೇಡಿಯಂ. ಲೂಯಿಸ್ ಇನ್ನೂ ಚಾಂಪಿಯನ್ ಆಗಿರಲಿಲ್ಲ, ಆದರೆ ಅವನನ್ನು ಸೋಲಿಸುವವರಿಲ್ಲ ಅನ್ನುವ ಮಾತಿತ್ತು. ಎದುರಿಗೆ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್, ಮಾಜಿ ಚಾಂಪಿಯನ್. ಶ್ಮೆಲಿಂಗ್ ಲೂಯಿಸ್‌ನ ಹಳೆ ಪಂದ್ಯಗಳ ಫಿಲ್ಮ್ ನೋಡಿಕೊಂಡು ಬಂದಿದ್ದ. ಏನು ಕಂಡಿತು ಅವನಿಗೆ? ಲೂಯಿಸ್ ಎಡಗೈಯಿಂದ ಜ್ಯಾಬ್ (ಮುಂದಿನ ಕೈಯ ನೇರ, ಚುರುಕು ಗುದ್ದು) ಹೊಡೆದ ಮೇಲೆ ಕೈ ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿರಲಿಲ್ಲ. ಸ್ವಲ್ಪ ಕೆಳಗೆ ಇಳಿದು, ಆಮೇಲೆ ಮೇಲೆ ಬರುತ್ತಿತ್ತು. ಆ ಚೂರು ಹೊತ್ತು ಎಡಗೆನ್ನೆ ಖಾಲಿ. ಶ್ಮೆಲಿಂಗ್ ಆ ಕಿಂಡಿಗೆ ಬಲಗೈ ಹಾಕುತ್ತಲೇ ಹೋದ. 4ನೇ ಸುತ್ತಿನಲ್ಲಿ ಕೆಡವಿದ, 12ನೇ ಸುತ್ತಿನಲ್ಲಿ ಮುಗಿಸಿದ.

ಇಲ್ಲಿ ಕೇಳಬೇಕಾದ್ದು ಇಷ್ಟೇ: ಇದು ತಿದ್ದಬಹುದಾದ ತಪ್ಪಾ? ಕೈ ಇಳಿಯುವುದು ಅಭ್ಯಾಸ. ಅಭ್ಯಾಸ ಬಿಡಿಸಬಹುದು. ಮರುವರ್ಷ ಲೂಯಿಸ್ ಚಾಂಪಿಯನ್ ಆದ. 1938ರ ಜೂನ್ 22ರಂದು ಅದೇ ಮೈದಾನದಲ್ಲಿ ಶ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮಲಗಿಸಿದ. ಆಮೇಲೆ 1949ರವರೆಗೆ ಪಟ್ಟ ಬಿಡಲಿಲ್ಲ, 25 ಸಲ ಉಳಿಸಿಕೊಂಡ. 1936ರ ರಾತ್ರಿ ಒಂದನ್ನೇ ನೋಡಿ ತೀರ್ಪು ಕೊಟ್ಟವರು ಎಷ್ಟು ಪೆಚ್ಚಾಗಿರಬೇಕು ಯೋಚಿಸಿ.

ಟೋಕಿಯೋದಲ್ಲಿ ಟೈಸನ್ ಸೋತಿದ್ದು ಆಕಸ್ಮಿಕವೋ, ಅಥವಾ ಅವನು ಅಷ್ಟೇನಾ?

ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

1990ರ ಫೆಬ್ರವರಿ 11. ಮೈಕ್ ಟೈಸನ್ 37 ಪಂದ್ಯ ಆಡಿ 37 ಗೆದ್ದಿದ್ದ. ಬಸ್ಟರ್ ಡಗ್ಲಾಸ್ ಮೇಲೆ ಬಾಜಿ 42ಕ್ಕೆ 1. ಡಗ್ಲಾಸ್‌ನ ಕೈಚಾಚು ಟೈಸನ್‌ಗಿಂತ 12 ಇಂಚು ಜಾಸ್ತಿ. ಆ ಉದ್ದ ಕೈಯಿಂದ ಮೊದಲ ಸುತ್ತಿನಿಂದಲೇ ಜ್ಯಾಬ್, ಹಿಂದೆಯೇ ಬಲಗೈ. ಇದರಲ್ಲಿ ಆಕಸ್ಮಿಕ ಏನಿದೆ? ಒಂದು ಗುದ್ದು ತಗುಲಿ ಮುಗಿದ ಪಂದ್ಯವಲ್ಲ ಅದು. ಹತ್ತು ಸುತ್ತು ನಡೆದ ಪಾಠ.

ಟೈಸನ್ ಕಡೆ ನೋಡಿ. ಅವನ ಕಟ್ಟು ನಿಂತದ್ದೇ ತಲೆ ಆಡಿಸುವುದರ ಮೇಲೆ. ಕುಳ್ಳ, ಕೈ ಗಿಡ್ಡ. ಹಾಗಾಗಿ ತಲೆ ಎಡಕ್ಕೆ ಬಲಕ್ಕೆ ಆಡಿಸುತ್ತ, ಜ್ಯಾಬ್ ತಪ್ಪಿಸಿ ಒಳಗೆ ನುಗ್ಗಬೇಕು, ನುಗ್ಗಿದ ಮೇಲೆ ನಾಲ್ಕೈದು ಗುದ್ದು ಒಟ್ಟಿಗೆ ಹೊಡೆಯಬೇಕು. ಅದನ್ನೆಲ್ಲ ಕಾಯುತ್ತಿದ್ದ ಕೋಚ್ ಕೆವಿನ್ ರೂನಿಯನ್ನು 1988ರಲ್ಲೇ ತೆಗೆದುಹಾಕಿದ್ದ. ಟೋಕಿಯೋದಲ್ಲಿ ತಲೆ ನಿಂತಲ್ಲೇ ಇತ್ತು. ಗುದ್ದುಗಳು ಒಂದೊಂದಾಗಿ ಬರುತ್ತಿದ್ದವು.

ಕಾರ್ನರ್, ಅಂದರೆ ಸುತ್ತುಗಳ ನಡುವೆ ಬಾಕ್ಸರ್‌ನನ್ನು ನೋಡಿಕೊಳ್ಳುವ ತಂಡ, ನೋಡಿದರೆ ಇನ್ನೂ ಬೇಜಾರು. ಟೈಸನ್‌ನ ಎಡಗಣ್ಣು ಊದಿ ಮುಚ್ಚುತ್ತಿತ್ತು. ಊತ ಒತ್ತಿಹಿಡಿಯಲು ತಣ್ಣಗಿನ ಲೋಹದ ತುಂಡು ಪ್ರತಿ ಕಾರ್ನರ್‌ನಲ್ಲೂ ಇರಬೇಕು. ಇವರ ಹತ್ತಿರ ಇರಲಿಲ್ಲ. ರಬ್ಬರ್ ಗ್ಲೌಸಿಗೆ ತಣ್ಣೀರು ತುಂಬಿ ಕಣ್ಣಿಗೆ ಒತ್ತುತ್ತಿದ್ದರು. ಜಗತ್ತಿನ ಹೆವಿವೇಟ್ ಚಾಂಪಿಯನ್‌ನ ಕಾರ್ನರ್ ಅದು! ಸೋಲಬಹುದು ಅಂತ ಯಾರಿಗೂ ಅನಿಸಿರಲಿಲ್ಲ ಅನ್ನೋದಕ್ಕೆ ಆ ಗ್ಲೌಸಿಗಿಂತ ಸಾಕ್ಷಿ ಬೇಕಾ?

8ನೇ ಸುತ್ತಿನ ಕೊನೆಗೆ ಟೈಸನ್ ಒಂದು ಅಪ್ಪರ್‌ಕಟ್‌ನಿಂದ (ಕೆಳಗಿನಿಂದ ಮೇಲಕ್ಕೆ ಬೀಸುವ ಗುದ್ದು) ಡಗ್ಲಾಸ್‌ನನ್ನು ಕೆಡವಿದ. ರೆಫರಿಯ ಹತ್ತರವರೆಗಿನ ಎಣಿಕೆ ನಿಧಾನವಾಗಿತ್ತು ಅನ್ನುವ ಜಗಳ ಇವತ್ತಿಗೂ ಇದೆ. ಡಗ್ಲಾಸ್ ರೆಫರಿಯ ಎಣಿಕೆ ನೋಡಿಕೊಂಡೇ ಎದ್ದ. ನನಗೆ ಅದರಲ್ಲಿ ತಕರಾರಿಲ್ಲ. 10ನೇ ಸುತ್ತಿನಲ್ಲಿ ಟೈಸನ್ ಬಿದ್ದ, ವೃತ್ತಿಜೀವನದಲ್ಲೇ ಮೊದಲ ಸಲ. ಮೊಣಕಾಲೂರಿ ನೆಲ ತಡಕಾಡಿ ಮೌತ್‌ಗಾರ್ಡ್ ಹುಡುಕಿದ. ಸಿಕ್ಕಿದ್ದರ ಒಂದು ತುದಿ ಕಚ್ಚಿಕೊಂಡ, ಇನ್ನೊಂದು ತುದಿ ಹೊರಗೆ ಜೋಲಾಡುತ್ತಿತ್ತು. ಹಾಗೇ ಎದ್ದು ರೆಫರಿಯ ತೋಳಿಗೆ ಒರಗಿದ. ಆ ಸ್ಥಿತಿಯಲ್ಲೂ ಎದ್ದನಲ್ಲ, ಅದೂ ಲೆಕ್ಕಕ್ಕೆ ಬರಬೇಕು.

ಈಗ ಉತ್ತರ. 1988ರ ಜೂನ್‌ನಲ್ಲಿ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ ಟೈಸನ್ ನಿಜವಾದ ಟೈಸನ್. 1990ರವನೂ ನಿಜವಾದವನೇ. ಮೊದಲನೆಯವನು ಎಷ್ಟು ದೊಡ್ಡವನು ಅನ್ನೋದನ್ನು ಟೋಕಿಯೋ ಕಡಿಮೆ ಮಾಡುವುದಿಲ್ಲ. ಅವನು ಎಷ್ಟು ದಿನ ಇದ್ದ ಅನ್ನೋದನ್ನು ಹೇಳುತ್ತದೆ. ನನ್ನ ತಕರಾರು ಸೋಲಿನ ಬಗ್ಗೆ ಅಲ್ಲ, ಆಮೇಲೆ ಏನನ್ನೂ ತಿದ್ದಿಕೊಳ್ಳದ ಬಗ್ಗೆ. 1996ರಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಮತ್ತೆ ಅದೇ ಕಥೆ: ಒಂದೊಂದೇ ಗುದ್ದು, ನಿಂತ ತಲೆ, 11ನೇ ಸುತ್ತಿನಲ್ಲಿ ಸೋಲು.

ಚಾಂಪಿಯನ್‌ನನ್ನು ಸೋಲಿಸಿದವನೇ ಆಮೇಲೆ ಮಕಾಡೆ ಮಲಗಿದ್ರೆ? ಆಗ ಮೊದಲಿನವನ ಸೋಲು ಇನ್ನೂ ಕೆಟ್ಟದಾಗಲ್ವಾ?

ಸೋಲಿಸಿದ ರಾತ್ರಿ ಅವನು ಹೇಗಿದ್ದ ಅನ್ನೋದು ಮುಖ್ಯ, ಆಮೇಲೆ ಹೇಗಾದ ಅನ್ನೋದಲ್ಲ. ಡಗ್ಲಾಸ್ ಟೋಕಿಯೋಗೆ ಬಂದಾಗ ತೂಕ 231 ಪೌಂಡ್ ಚಿಲ್ಲರೆ. ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಎಂಟು ತಿಂಗಳ ನಂತರ ಹೋಲಿಫೀಲ್ಡ್ ಎದುರು 246 ಪೌಂಡ್, 3ನೇ ಸುತ್ತಿಗೆ ಆಟ ಮುಗಿಯಿತು. ಆಂಡಿ ರೂಯಿಜ್ 2019ರ ಜೂನ್‌ನಲ್ಲಿ ಜೋಶುವಾನನ್ನು ನಾಲ್ಕು ಸಲ ಕೆಡವಿ ಗೆದ್ದಾಗ 268 ಪೌಂಡ್, ಡಿಸೆಂಬರ್‌ನಲ್ಲಿ 283. ಒಂದೇ ಹೆಸರು, ಎರಡು ಬೇರೆ ಆಳು. ಟೋಕಿಯೋದ ಡಗ್ಲಾಸ್ ಅವತ್ತು ಬಹಳ ಜನರನ್ನು ಸೋಲಿಸುತ್ತಿದ್ದ.

ಸೋತವರೆಲ್ಲ ಏನಾದ್ರೂ ಒಂದು ಹೇಳ್ತಾರೆ. ಯಾವುದು ಕಾರಣ, ಯಾವುದು ನೆಪ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಕೆಲವು ಸಲ ನೆಲ ನಿಜವಾಗಿಯೂ ಡೊಂಕಿರುತ್ತದೆ. ಕಂಡುಹಿಡಿಯಲು ನಾನು ಮುಂದಿನ ಪಂದ್ಯ ನೋಡುತ್ತೇನೆ. ಅವನು ಹೇಳಿದ ತೊಂದರೆ ಸರಿಹೋದಾಗ ಆಟವೂ ಸರಿಹೋಯಿತಾ?

ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಸೀಮ್ ರಹಮಾನ್ ಎದುರು 5ನೇ ಸುತ್ತಿನಲ್ಲಿ ಬಿದ್ದ. ಎತ್ತರದ ಜಾಗ, ಗಾಳಿ ತೆಳು. ರಹಮಾನ್ ಮೊದಲೇ ಹೋಗಿ ಒಗ್ಗಿಕೊಂಡಿದ್ದ. ಲೆನಾಕ್ಸ್ ಸಿನಿಮಾ ಶೂಟಿಂಗ್ ಮುಗಿಸಿ ತಡವಾಗಿ ಬಂದ, ಮೈಯೂ ಭಾರ. ಇದು ಕಾರಣ, ಆದರೆ ಅವನೇ ಮಾಡಿಕೊಂಡದ್ದು. ಹಾಗಾಗಿ ಅರ್ಧ ಅಂಕ ಕಟ್. ನವೆಂಬರ್‌ನಲ್ಲಿ ಲಾಸ್ ವೇಗಸ್‌ಗೆ ತೂಕ ಇಳಿಸಿ ಬಂದ, 4ನೇ ಸುತ್ತಿನಲ್ಲಿ ರಹಮಾನ್ ಮಲಗಿದ.

ವ್ಲಾಡಿಮಿರ್‌ನ ಅಣ್ಣ ವಿಟಾಲಿ ಕ್ಲಿಚ್ಕೊನದು ಬೇರೆ ಥರ. 2000ದಲ್ಲಿ ಕ್ರಿಸ್ ಬರ್ಡ್ ಎದುರು ಅಂಕದಲ್ಲಿ ಮುಂದಿದ್ದಾಗಲೇ ಭುಜ ಹರಿದು, 9ನೇ ಸುತ್ತಿನ ಮೇಲೆ ಸ್ಟೂಲಿನಿಂದ ಏಳಲಿಲ್ಲ. ಅಂಜುಬುರುಕ ಅಂತ ಬೈದರು. 2003ರಲ್ಲಿ ಲೆನಾಕ್ಸ್ ಎದುರು ಎಡಗಣ್ಣಿನ ಮೇಲೆ ಆಳವಾದ ಗಾಯ, ರಕ್ತ ಧಾರೆ. ಆರು ಸುತ್ತಾದ ಮೇಲೆ ವೈದ್ಯರು ನಿಲ್ಲಿಸಿದರು. ಅವನು ನಿಲ್ಲಿಸಬೇಡಿ ಅಂತ ಜಗಳಕ್ಕೇ ನಿಂತ. ಆಗಲೂ ಮೂರೂ ಪಟ್ಟಿಯಲ್ಲಿ ಮುಂದಿದ್ದ. ಅಂಜುಬುರುಕ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಡಿಯೊಂಟೇ ವೈಲ್ಡರ್ 2020ರಲ್ಲಿ ಫ್ಯೂರಿಗೆ ಸೋತಾಗ, ರಿಂಗಿಗೆ ಬರುವಾಗ ಹಾಕಿದ್ದ 40 ಪೌಂಡ್ ಮೀರಿದ ವೇಷದಿಂದ ಕಾಲು ಸೋತಿತು ಅಂದ. ಮರುವರ್ಷ ಅಂಥ ಮಾತಿಗೆ ಅವಕಾಶವಿರಲಿಲ್ಲ. ಫ್ಯೂರಿಯನ್ನು ಎರಡು ಸಲ ಕೆಡವಿದ, ಮನಸ್ಸಿಟ್ಟು ಹೋರಾಡಿದ. ಆದರೂ 11ನೇ ಸುತ್ತಿನಲ್ಲಿ ಸೋತ. ಆ ಮೂರನೇ ಪಂದ್ಯದ ವೈಲ್ಡರ್ ನನಗೆ ಇಷ್ಟ. ವೇಷದ ಕಥೆ ಮಾತ್ರ ನೆಪ.

ರಿಮ್ಯಾಚ್ ಗೆದ್ರೆ ಲೆಕ್ಕ ಚುಕ್ತಾ ಆಯ್ತಾ?

ಹೇಗೆ ಗೆದ್ದ ಅನ್ನೋದರ ಮೇಲೆ. ಜೋಶುವಾ ರೂಯಿಜ್ ಜೊತೆ ಎರಡನೇ ಸಲ ಸುತ್ತ ಓಡಾಡಿಕೊಂಡು, ದೂರದಿಂದ ಹೊಡೆದು, 118–110, 118–110, 119–109ರಲ್ಲಿ ಗೆದ್ದ. ಜಾಣತನ ಹೌದು. ಆದರೆ ಮೊದಲ ಸಲ ಅವನನ್ನು ಕೆಡವಿದ್ದು ಹತ್ತಿರದಲ್ಲಿ ನಿಂತು ಗುದ್ದಾಡಿದ ಕ್ಷಣ. ಆ ಕ್ಷಣವನ್ನು ಅವನು ಸರಿಮಾಡಲಿಲ್ಲ, ಬರದ ಹಾಗೆ ನೋಡಿಕೊಂಡ. 2024ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಡುಬಾಯ್ಸ್ ಎದುರು ಅದು ಮತ್ತೆ ಬಂತು, 5ನೇ ಸುತ್ತಿನಲ್ಲಿ ಸೋತ.

ಲೆನಾಕ್ಸ್ ಪೂರ್ತಿ ಲೆಕ್ಕ ಚುಕ್ತಾ ಮಾಡಿದವನು. ಸೋತದ್ದು ಇಬ್ಬರಿಗೆ, ಇಬ್ಬರನ್ನೂ ಮತ್ತೆ ಸೋಲಿಸಿದ. 1994ರಲ್ಲಿ ಆಲಿವರ್ ಮೆಕಾಲ್ ಅವನನ್ನು ಎರಡನೇ ಸುತ್ತಿನಲ್ಲಿ ಕೆಡವಿದಾಗ ಮೆಕಾಲ್‌ನ ಕಾರ್ನರ್‌ನಲ್ಲಿದ್ದ ಕೋಚ್ ಇಮ್ಯಾನುಯೆಲ್ ಸ್ಟೀವರ್ಡ್. ಲೆನಾಕ್ಸ್ ಏನು ಮಾಡಿದ? ಆ ಸ್ಟೀವರ್ಡ್‌ನನ್ನೇ ತನ್ನ ಕೋಚ್ ಮಾಡಿಕೊಂಡ.

## ಹಳೇ ಹುಲಿಗಳಿಗೆ

ವಯಸ್ಸಾದ ಮೇಲೆ ಸೋತದ್ದನ್ನೂ ಲೆಕ್ಕಕ್ಕೆ ತಗೊಳ್ಳೋದು ನ್ಯಾಯಾನಾ?

1980ರ ಅಕ್ಟೋಬರ್ 2ರಂದು 38ರ ಅಲಿ, ಲ್ಯಾರಿ ಹೋಮ್ಸ್ ಎದುರು 10 ಸುತ್ತು ಏಟು ತಿಂದ. 11ನೇ ಸುತ್ತಿಗೆ ಕಾರ್ನರ್ ಕಳಿಸಲಿಲ್ಲ. ಆ ಪಂದ್ಯದಿಂದ ಅಲಿ ಬಗ್ಗೆ ಏನೂ ತಿಳಿಯುವುದಿಲ್ಲ. ಅದನ್ನು ಏರ್ಪಡಿಸಿದವರ ಬಗ್ಗೆ ತಿಳಿಯುತ್ತದೆ. ನಾನು ಅದನ್ನು ಎರಡನೇ ಸಲ ನೋಡಿಲ್ಲ, ನೋಡುವುದೂ ಇಲ್ಲ.

ಆದರೆ ‘ವಯಸ್ಸಾಗಿತ್ತು’ ಅನ್ನೋದನ್ನು ಎಲ್ಲ ಕಡೆ ಹಚ್ಚಬೇಡಿ. 1985ರಲ್ಲಿ ಹೋಮ್ಸ್ 48 ಗೆದ್ದು, ಮಾರ್ಸಿಯಾನೊ ದಾಖಲೆಗೆ ಒಂದೇ ಬಾಕಿ ಇದ್ದಾಗ, ಕೆಳಗಿನ ತೂಕದಿಂದ ಮೇಲೆ ಬಂದ ಮೈಕೆಲ್ ಸ್ಪಿಂಕ್ಸ್‌ಗೆ ಸೋತ. 35 ವಯಸ್ಸು. ಹೋಮ್ಸ್ ನಿಧಾನ ಆಗಿದ್ದು ನಿಜ, ಆದರೆ ಸ್ಪಿಂಕ್ಸ್ ವಿಚಿತ್ರ ಕೋನಗಳಿಂದ ಹೊಡೆದು ಗೆದ್ದದ್ದೂ ಅಷ್ಟೇ ನಿಜ. ನಾನು ಇದನ್ನು ಮುಕ್ಕಾಲು ಸೋಲು ಅಂತ ಬರೆದುಕೊಂಡಿದ್ದೇನೆ.

ಕ್ಲಿಚ್ಕೊನ ದವಡೆ ಗಾಜು ಅಂತಿದ್ರಿ ನೀವೇ. ಈಗ ಹೊಗಳ್ತೀರಲ್ಲ?

ಹೌದು, ಅಂದಿದ್ದೆ. ಒಪ್ಪಿಕೊಳ್ಳುತ್ತೇನೆ. ವ್ಲಾಡಿಮಿರ್ 2003ರ ಮಾರ್ಚ್‌ನಲ್ಲಿ ಕೋರಿ ಸ್ಯಾಂಡರ್ಸ್ ಎದುರು ಎರಡೇ ಸುತ್ತಿನಲ್ಲಿ ಮುಗಿದಿದ್ದ. 2004ರ ಏಪ್ರಿಲ್ 10ರಂದು ಲ್ಯಾಮನ್ ಬ್ರೂಸ್ಟರ್ ಎದುರು, 4ನೇ ಸುತ್ತಿನಲ್ಲಿ ಎದುರಾಳಿಯನ್ನು ಕೆಡವಿ, 5ನೇ ಸುತ್ತಿನ ಕೊನೆಗೆ ತಾನೇ ಕುಸಿದ. ಕಾಲು ನೂಲಿನ ಹಾಗೆ ಆಡುತ್ತಿತ್ತು. ‘ಇವನ ಕಥೆ ಮುಗೀತು, ಇನ್ನು ಅಣ್ಣನ ಪಂದ್ಯ ನೋಡೋಣ’ ಅಂತ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅಲ್ಲಿ ನಾನು ನೋಡಿದ್ದು ಬಿದ್ದದ್ದನ್ನು. ನೋಡಬೇಕಿದ್ದದ್ದು ಯಾಕೆ ಸುಸ್ತಾದ ಅನ್ನೋದನ್ನು. ಎಲ್ಲ ಉಸಿರನ್ನೂ ಮೊದಲ ನಾಲ್ಕು ಸುತ್ತಿಗೇ ಸುರಿದಿದ್ದ. ದವಡೆಯನ್ನು ಯಾವ ಕೋಚೂ ಗಟ್ಟಿ ಮಾಡಲಾರ. ಅದಕ್ಕೆ ಎಷ್ಟು ಗುದ್ದು ತಾಗುತ್ತದೆ ಅನ್ನೋದನ್ನು ಕಡಿಮೆ ಮಾಡಬಹುದು. ಅವನ ಕೋಚ್ ಆಗಿದ್ದ ಅದೇ ಇಮ್ಯಾನುಯೆಲ್ ಸ್ಟೀವರ್ಡ್ ಮಾಡಿದ್ದು ಅದನ್ನೇ. ದೂರ ಕಾಯ್ದುಕೋ, ಜ್ಯಾಬ್ ಬಿಡು, ಎದುರಾಳಿ ಹತ್ತಿರ ಬಂದರೆ ತಬ್ಬಿಕೋ, ಆತುರ ಬೇಡ. 2005ರಲ್ಲಿ ಸ್ಯಾಮ್ಯುಯೆಲ್ ಪೀಟರ್ ಅವನನ್ನು ಮೂರು ಸಲ ಕೆಡವಿದ. ಮೂರು ಸಲವೂ ಎದ್ದು, ಉಳಿದ ಸುತ್ತುಗಳನ್ನು ಜ್ಯಾಬ್‌ನಿಂದಲೇ ಗೆದ್ದ. ನಾನು ಮಾತು ವಾಪಸ್ ತಗೊಳ್ಳಬೇಕಿದ್ದದ್ದು ಅವತ್ತೇ. 2006ರ ಏಪ್ರಿಲ್‌ನಿಂದ 2015ರ ನವೆಂಬರ್‌ವರೆಗೆ ಅವನೇ ಚಾಂಪಿಯನ್.

ನೋಡೋಕೆ ಚೆಂದವಿತ್ತಾ? ಇರಲಿಲ್ಲ. 2013ರಲ್ಲಿ ಪೊವೆಟ್ಕಿನ್ ಎದುರಿನ ಪಂದ್ಯ ಬಾಕ್ಸಿಂಗ್‌ಗಿಂತ ಅಪ್ಪುಗೆ ಜಾಸ್ತಿ. ಬೋರ್ ಹೊಡೆಸಿದ ಅಂತ ಬೈಯಿರಿ. ದುರ್ಬಲ ಅಂತ ಮಾತ್ರ ಅನ್ನಬೇಡಿ.

ಅಲಿಯನ್ನು ಫ್ರೇಜಿಯರ್ ಸೋಲಿಸಿದ, ಫ್ರೇಜಿಯರ್‌ನನ್ನು ಫೋರ್ಮನ್ ಚಚ್ಚಿದ, ಫೋರ್ಮನ್‌ನನ್ನು ಅಲಿ ಮಲಗಿಸಿದ. ಹಾಗಾದ್ರೆ ಯಾರು ಮೇಲು?

ಈ ಸುತ್ತಿಗೆ ಕೆನ್ ನಾರ್ಟನ್‌ನನ್ನೂ ಸೇರಿಸಿ. 1973ರ ಮಾರ್ಚ್‌ನಲ್ಲಿ ಅಲಿಯ ದವಡೆ ಮುರಿದು ಗೆದ್ದ. ಮರುವರ್ಷ ಫೋರ್ಮನ್ ಅವನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ.

ಇದು ಏಣಿಯಲ್ಲ, ಬೀಗ ಕೀಲಿ. ಫ್ರೇಜಿಯರ್ ಬಗ್ಗಿಕೊಂಡು ನೇರ ಮುಂದೆ ಬರುತ್ತಿದ್ದ. ಕೈ ಕೆಳಗಿಟ್ಟು ಹಿಂದಕ್ಕೆ ವಾಲುವ ಅಲಿಗೆ ಅವನ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ಹೇಳಿ ಮಾಡಿಸಿದ ಹಾಗಿತ್ತು. ಅದೇ ಬಗ್ಗಿ ಬರುವ ತಲೆ ಫೋರ್ಮನ್‌ನ ಅಪ್ಪರ್‌ಕಟ್‌ಗೆ ತಾನಾಗಿ ಸಿಗುತ್ತಿತ್ತು. 1973ರ ಜನವರಿಯಲ್ಲಿ ಕಿಂಗ್‌ಸ್ಟನ್‌ನಲ್ಲಿ ಎರಡು ಸುತ್ತಿನೊಳಗೆ ಆರು ಸಲ ಬಿದ್ದ. ಆ ಸೋಲಿನಿಂದ ಫ್ರೇಜಿಯರ್ ಚಿಕ್ಕವನಾದನಾ? ಅವನು ಜೀವನದಲ್ಲಿ ಸೋತದ್ದು 4 ಸಲ: ಅಲಿಗೆ ಎರಡು, ಫೋರ್ಮನ್‌ಗೆ ಎರಡು. ಬೇರೆ ಯಾರಿಗೂ ಇಲ್ಲ.

ಫೋರ್ಮನ್ ಕಿನ್ಶಾಸಾದಲ್ಲಿ ಸೋತದ್ದು ಬೇರೆ ಕಾರಣಕ್ಕೆ. ನಿಧಾನವಾಗಿ ಆಡುವುದು ಗೊತ್ತಿರಲಿಲ್ಲ. ಹಗ್ಗಕ್ಕೆ ಒರಗಿದ ಅಲಿಗೆ ಹೊಡೆದು ಹೊಡೆದು ಖಾಲಿಯಾಗಿ, 8ನೇ ಸುತ್ತಿನಲ್ಲಿ ಬಿದ್ದ. ಅದನ್ನು ತಿದ್ದಿಕೊಳ್ಳಲು 20 ವರ್ಷ ಬೇಕಾಯಿತು. 1994ರ ನವೆಂಬರ್ 5ರಂದು 45ರ ವಯಸ್ಸಿನಲ್ಲಿ ಮೈಕೆಲ್ ಮೂರರ್ ಎದುರು ಒಂಬತ್ತು ಸುತ್ತು ಸೋಲುತ್ತ, ಕಾಯುತ್ತ, 10ನೆಯದರಲ್ಲಿ ಬಲಗೈ ಬೀಸಿ ಮಲಗಿಸಿದ. ಅವನು ಹಾಕಿಕೊಂಡದ್ದು ಕಿನ್ಶಾಸಾದ ಅದೇ ಕೆಂಪು ಚಡ್ಡಿ. ಕಾರ್ನರ್‌ನಲ್ಲಿ ಇದ್ದದ್ದು ಆಂಜೆಲೊ ಡಂಡಿ, ಕಿನ್ಶಾಸಾದಲ್ಲಿ ಅಲಿಯ ಕಾರ್ನರ್‌ನಲ್ಲಿದ್ದವನು.

ಗೆದ್ದ ಪಂದ್ಯದಲ್ಲೂ ಸೋಲು ಇರುತ್ತೆ ಅಂತೀರಿ. ಅದು ಹೇಗೆ?

2023ರ ಅಕ್ಟೋಬರ್‌ನಲ್ಲಿ ಫ್ಯೂರಿ, ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡುತ್ತಿದ್ದ ಫ್ರಾನ್ಸಿಸ್ ಎನ್‌ಗಾನು ಎದುರು 3ನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದ. ಸ್ಪ್ಲಿಟ್‌ನಲ್ಲಿ ಹೇಗೋ ಗೆದ್ದ. ಉಸಿಕ್ ಎದುರು ಸೋತದ್ದು ಏಳು ತಿಂಗಳ ನಂತರ. ಮೈ ಮೊದಲಿನಂತಿಲ್ಲ ಅನ್ನೋದು ಗೆದ್ದ ರಾತ್ರಿಯೇ ಕಂಡಿತ್ತು. 1947ರ ಡಿಸೆಂಬರ್‌ನಲ್ಲಿ ವಾಲ್ಕಾಟ್ ಎದುರು ಎರಡು ಸಲ ಬಿದ್ದು ಗೆದ್ದ ಜೋ ಲೂಯಿಸ್‌ನದೂ ಅದೇ ಕಥೆ. ತೀರ್ಪು ತನ್ನ ಕಡೆ ಬರುವ ಮೊದಲೇ ಅವನು ರಿಂಗ್ ಬಿಟ್ಟು ಹೊರಡಲು ನೋಡಿದ್ದ.

ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಯಾಕೆ ಅಷ್ಟು ಮೇಲಿಡ್ತೀರಿ? ಬಿದ್ದದ್ದೇ ಜಾಸ್ತಿ ಅಲ್ವಾ ಅವನು?

ಬಿದ್ದದ್ದು ಜಾಸ್ತಿ. ಎದ್ದದ್ದೂ ಜಾಸ್ತಿ. 1959ರ ಜೂನ್ 26ರಂದು ಇಂಗೆಮಾರ್ ಯೋಹಾನ್ಸನ್ ಅವನನ್ನು ಒಂದೇ ಸುತ್ತಿನಲ್ಲಿ ಏಳು ಸಲ ಕೆಡವಿದ. ಮರುವರ್ಷ 5ನೇ ಸುತ್ತಿನಲ್ಲಿ ಒಂದು ಎಡ ಹುಕ್‌ನಿಂದ ಪಟ್ಟ ವಾಪಸ್ ತಗೊಂಡ. ಕಳೆದುಕೊಂಡ ಹೆವಿವೇಟ್ ಪಟ್ಟವನ್ನು ಮತ್ತೆ ಗೆದ್ದ ಮೊದಲನೆಯವನು ಅವನೇ.

ಸೋನಿ ಲಿಸ್ಟನ್ ಎದುರು ಮಾತ್ರ ಅವನ ಹತ್ತಿರ ಉತ್ತರವಿರಲಿಲ್ಲ. ಲಿಸ್ಟನ್ ದೊಡ್ಡವನು, ಕೈ ಉದ್ದ, ಪ್ಯಾಟರ್ಸನ್ ಈಗಿನ ಲೆಕ್ಕದಲ್ಲಿ ಹೆವಿವೇಟೇ ಅಲ್ಲ. ಮ್ಯಾನೇಜರ್ ಬೇಡ ಅಂದರೂ, ಚಾಂಪಿಯನ್ ಆದವನು ತಪ್ಪಿಸಿಕೊಳ್ಳಬಾರದು ಅಂತ ಒಪ್ಪಿಕೊಂಡ. ಸೋತರೆ ಯಾರಿಗೂ ಮುಖ ತೋರಿಸದೆ ಹೋಗೋಕೆ ಅಂತ ಗಡ್ಡದ ವೇಷ ಮೊದಲೇ ಜೊತೆಗಿಟ್ಟುಕೊಂಡು ಬಂದಿದ್ದ. 1962ರ ಸೆಪ್ಟೆಂಬರ್ 25ರಂದು ಎರಡು ನಿಮಿಷ ಆರು ಸೆಕೆಂಡಿಗೆ ಸೋತು, ಅದೇ ಗಡ್ಡ ಅಂಟಿಸಿಕೊಂಡು ಹೊರಟ. ಹತ್ತು ತಿಂಗಳಾದ ಮೇಲೆ ಮತ್ತೆ ಅದೇ ಲಿಸ್ಟನ್ ಎದುರು ಬಂದು ನಿಂತ. ಈ ಸಲ ನಾಲ್ಕು ಸೆಕೆಂಡ್ ಜಾಸ್ತಿ.